ಅಜೇಲಿಯಾ ಸಾಯೋದು ಬಿಸಿಲಿಗಲ್ಲ, ನಮ್ಮ ಸುಣ್ಣ-ಬೂದಿಗೆ

ಈ ಸಲ ಕಾಫಿ, ಮೆಣಸು, ಅಡಿಕೆ ಬಿಟ್ಟು ಅಂಗಳದ ಗಿಡದ ಬಗ್ಗೆ ಬರೀತಿದೀನಿ. ಇವನಿಗೆ ಬೇರೆ ಕೆಲಸ ಇಲ್ವಾ ಅಂದ್ಕೋಬೇಡಿ, ಕೊನೆವರೆಗೆ ಓದಿ. ತೋಟಕ್ಕೂ ಕೊಟ್ಟಿಗೆಗೂ ಸೇರಿದ ವಿಷಯ ಇದರಲ್ಲಿದೆ.

ಮೂಡಿಗೆರೆ ಸುತ್ತಮುತ್ತ ನಮ್ಮಂಥ ಸಣ್ಣ ಬೆಳೆಗಾರರ ಮನೆಗಳಲ್ಲೂ ಈಗ ಅಜೇಲಿಯಾ ಗಿಡ ತರೋದು ಜಾಸ್ತಿ ಆಗಿದೆ. ಮೊದಲು ದೊಡ್ಡ ಎಸ್ಟೇಟಿನ ಬಂಗಲೆ ಮುಂದೆ ಮಾತ್ರ ಕಾಣ್ತಿತ್ತು. ಈಗ ಗಾಡಿಯಲ್ಲಿ ಗಿಡ ಮಾರೋರು ಮನೆ ಬಾಗಿಲಿಗೇ ತರ್ತಾರೆ. ತಂದಾಗ ಎಲೆ ಕಾಣದಷ್ಟು ಹೂ ಇರುತ್ತೆ. ಮುಂದಿನ ವರ್ಷ ಎಲೆ ಹಳದಿ. ಅದರ ಮುಂದಿನ ವರ್ಷ ಒಣಕಡ್ಡಿ. ಮತ್ತೆ ಗಾಡಿ ಬರುತ್ತೆ, ಮತ್ತೆ ಗಿಡ ತಗೋತಾರೆ. ಏನಾಯ್ತು ಅಂತ ಕೇಳಿದ್ರೆ ಎಲ್ಲರದ್ದೂ ಒಂದೇ ಮಾತು: "ಅದು ಊಟಿ ಗಿಡ ಮಾರಾಯ್ರೆ, ನಮ್ಮ ಬಿಸಿಲಿಗೆ ಬರಲ್ಲ."

ಈ ಮಾತನ್ನ ನಾನು ಒಪ್ಪಲ್ಲ. ನಮ್ಮ ಮನೆ ಪಕ್ಕದಲ್ಲಿ ನಾಲ್ಕು ಅಜೇಲಿಯಾ ಗಿಡ ಹತ್ತು ವರ್ಷ ದಾಟಿ ನಿಂತಿವೆ, ಸೊಂಟದ ಮಟ್ಟಕ್ಕೆ ಬೆಳೆದಿವೆ. ಅವಕ್ಕೆ ಊಟಿ ಚಳಿ ಯಾರೂ ತಂದುಕೊಟ್ಟಿಲ್ಲ. ಈ ಗಿಡ ಮೊದಲು ಕೇಳೋದು ಚಳಿಯನ್ನಲ್ಲ, ಹುಳಿ ಮಣ್ಣನ್ನ. ಹುಳಿ ಮಣ್ಣು ನಮ್ಮ ಮಲೆನಾಡಲ್ಲಿ ಪುಕ್ಕಟೆ ಇದೆ. ಆದ್ರೆ ಮನೆ ಅಂಗಳದಲ್ಲಿ ಅದನ್ನ ನಾವೇ ಕೆಡಿಸ್ತಿದೀವಿ, ಅದೂ ಆರೈಕೆ ಅನ್ನೋ ಹೆಸರಲ್ಲಿ. ಇದು ನನ್ನ ವಾದ.

ಮೊದಲು ಗಿಡದ ಕುಲ ಯಾವುದು ಅಂತ ಹೇಳ್ತೀನಿ. ಅಜೇಲಿಯಾ ಅನ್ನೋದು ಬೇರೆ ಜಾತಿ ಅಲ್ಲ, ರೋಡೋಡೆಂಡ್ರಾನ್ ಕುಲದ ಪೊದೆ ಗಿಡ. ಲಿನೇಯಸ್ ಅನ್ನೋ ಸಸ್ಯಶಾಸ್ತ್ರಜ್ಞ 1753ರಲ್ಲಿ ಎರಡನ್ನೂ ಬೇರೆ ಬೇರೆ ಅಂತ ಬರೆದಿದ್ದ. ಆಮೇಲೆ ಬಂದವರು ಎರಡೂ ಒಂದೇ ಕುಲ ಅಂತ ಸೇರಿಸಿದ್ರು. ಈ ಕುಲದಲ್ಲಿ ಸಾವಿರದ ಹತ್ತಿರ ಜಾತಿಗಳಿವೆ. ಹಿಮಾಲಯದಲ್ಲಿ ಬುರಾಂಶ್ ಅಂತಾರಲ್ಲ, ಉತ್ತರಾಖಂಡದ ರಾಜ್ಯ ಮರ, ಅದು ಇದೇ ಕುಲ. ನೇಪಾಳದ ರಾಷ್ಟ್ರೀಯ ಹೂ ಲಾಲಿ ಗುರಾಂಸ್ ಕೂಡ ಅದೇ. ಅದರದ್ದೇ ಒಂದು ಒಳಜಾತಿ ದಕ್ಷಿಣದಲ್ಲೂ ಇದೆ. ನೀಲಗಿರಿ, ಪಳನಿ, ಆನೆಮಲೆ ಬೆಟ್ಟಗಳ ಮೇಲೆ, ಶೋಲಾ ಕಾಡು ಮುಗಿದು ಹುಲ್ಲುಗಾವಲು ಶುರುವಾಗೋ ಕಡೆ ಕೆಂಪು ಹೂ ಬಿಟ್ಟು ನಿಂತಿರುತ್ತೆ. ಅದು ಪೊದೆ ಅಲ್ಲ, ಮರ. ಅದಕ್ಕೆ ಎತ್ತರದ ಬೆಟ್ಟದ ತಂಪು ನಿಜವಾಗಿಯೂ ಬೇಕು. ನಮ್ಮದು ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನ ಜಾಗ. ಆ ಮರ ಇಲ್ಲಿ ಬೇಡ.

ಇದನ್ನ ಯಾಕೆ ಹೇಳಿದೆ ಅಂದ್ರೆ, ಮೊಬೈಲಲ್ಲಿ ಹಿಮಾಲಯದ ಫೋಟೋ ತೋರಿಸಿ ರೋಡೋಡೆಂಡ್ರಾನ್ ಬೀಜ ಅಂತ ಮಾರೋರು ಇದ್ದಾರೆ. ಈ ಕುಲದ ಬೀಜ ನಶ್ಯದ ಪುಡಿ ಥರ ಸಣ್ಣ ಇರುತ್ತೆ, ಊದಿದ್ರೆ ಹಾರಿ ಹೋಗುತ್ತೆ. ಪ್ಯಾಕೆಟ್ಟಲ್ಲಿ ಮೆಣಸಿನಕಾಳಿನಷ್ಟು ದಪ್ಪದ ಬೀಜ ಬಂದ್ರೆ ಅದು ಬೇರೆ ಏನೋ. ದುಡ್ಡು ಕಳ್ಕೋಬೇಡಿ. ನಮ್ಮ ಅಂಗಳಕ್ಕೆ ಒಗ್ಗೋದು ಅಜೇಲಿಯಾ. ಅದರ ಮೂಲ ಹೆಚ್ಚಾಗಿ ಚೀನಾ, ಜಪಾನ್ ಕಡೆ. ಒಂದು ಜಾತಿಗೆ "ಇಂಡಿಕಮ್" ಅಂತ ಹೆಸರಿಟ್ಟಿದ್ದಾರೆ, ಆದ್ರೆ ಅದೂ ಜಪಾನಿನದ್ದೇ.

ಈಗ ಮಣ್ಣಿನ ಮಾತು.

ಮಣ್ಣು ಪರೀಕ್ಷೆ ಮಾಡಿಸಿದೋರಿಗೆ ಪಿಎಚ್ ಅಂದ್ರೆ ಗೊತ್ತು. 7 ಅಂದ್ರೆ ಸಮ. ಅದಕ್ಕಿಂತ ಕಡಿಮೆ ಆದ್ರೆ ಹುಳಿ, ಜಾಸ್ತಿ ಆದ್ರೆ ಸುಣ್ಣದ ಗುಣ, ಅಂದ್ರೆ ಕ್ಷಾರ. ಒಂದು ಅಂಕಿ ವ್ಯತ್ಯಾಸ ಅಂದ್ರೆ ಹುಳಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ. 5 ಮತ್ತು 7ರ ಮಧ್ಯೆ ಎರಡೇ ಅಂಕಿ ಅನ್ಸುತ್ತೆ, ಲೆಕ್ಕ ಮಾತ್ರ ನೂರು ಪಟ್ಟು. ಅಜೇಲಿಯಾಕ್ಕೆ 4.5ರಿಂದ 6ರ ಒಳಗೆ ಬೇಕು. ಟೀ ಗಿಡ ಒಪ್ಪೋ ಮಣ್ಣು ಅಂತ ಇಟ್ಕೊಳ್ಳಿ.

ನಮ್ಮ ಕಡೆ ಸುರಿಯೋ ಮಳೆ ಮಣ್ಣಲ್ಲಿರೋ ಸುಣ್ಣದ ಅಂಶವನ್ನ ತೊಳೆದು ಹೊಳೆಗೆ ಹಾಕುತ್ತೆ. ಅದಕ್ಕೇ ಮಲೆನಾಡಿನ ಮಣ್ಣು ಸಹಜವಾಗಿ ಹುಳಿ. ಕಾಫಿಗೆ ಇದು ಅತಿಯಾದ್ರೆ ತೊಂದರೆ ಅಂತ ನಾವು ಸುಣ್ಣ ಹಾಕ್ತೀವಿ. ಅಜೇಲಿಯಾಕ್ಕೆ ಇದೇ ಹಬ್ಬ.

ಹಾಗಾದ್ರೆ ಯಾಕೆ ಸಾಯುತ್ತೆ? ನಮ್ಮದೇ ಜಾಗದ ಲೆಕ್ಕ ಹೇಳ್ತೀನಿ. ನಮ್ಮ ಕಾಫಿ ತೋಟದ ಮಣ್ಣು ಪರೀಕ್ಷೆಗೆ ಕೊಟ್ಟಾಗ ಅಂಗಳದ ಒಂದು ಮೂಲೆಯ ಮಣ್ಣನ್ನೂ ಸೇರಿಸಿ ಕೊಟ್ಟಿದ್ದೆ. ತೋಟದ್ದು 5.3 ಬಂತು. ಅಂಗಳದ ಮೂಲೆಯದ್ದು 7.4. ಎರಡಕ್ಕೂ ಮಧ್ಯೆ ನಲವತ್ತು ಹೆಜ್ಜೆ ಇರಬಹುದು ಅಷ್ಟೆ. ಒಂದೇ ಮಳೆ, ಒಂದೇ ಗುಡ್ಡದ ಮಣ್ಣು, ಆದ್ರೂ ಈ ವ್ಯತ್ಯಾಸ.

ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ, ಯಾರ ಅಂಗಳದಲ್ಲಾದ್ರೂ ನಿಂತು ನೋಡಿ.

ಒಂದು, ಮನೆ ಕಟ್ಟಿದ ಕಸ. ಹೊಸ ಆರ್‌ಸಿಸಿ ಮನೆ ಕಟ್ಟಿದಾಗ ಉಳಿದ ಗಾರೆ, ಸಿಮೆಂಟ್ ಪುಡಿ, ಒಡೆದ ಪ್ಲಾಸ್ಟರ್ ಎಲ್ಲ ಗೋಡೆ ಪಕ್ಕದಲ್ಲೇ ಮಣ್ಣು ಎಳೆದು ಮುಚ್ಚಿರ್ತಾರೆ. ಮೇಲೆ ಕೆಂಪು ಮಣ್ಣು ಚೆನ್ನಾಗಿ ಕಾಣುತ್ತೆ. ಅರ್ಧ ಅಡಿ ಕೆಳಗೆ ಸುಣ್ಣದ ಗಣಿ. ಮನೆ ಮುಂದೆ ಚಂದ ಕಾಣ್ಲಿ ಅಂತ ಅಜೇಲಿಯಾವನ್ನ ನೆಡೋದು ಸರಿಯಾಗಿ ಅಲ್ಲೇ.

ಎರಡು, ಬಚ್ಚಲೊಲೆ ಬೂದಿ. ಅಜ್ಜಿ ಕಾಲದಿಂದ ಬೂದಿ ಅಂದ್ರೆ ಗಿಡಕ್ಕೆ ಒಳ್ಳೇದು ಅನ್ನೋ ನಂಬಿಕೆ. ತೆಂಗಿಗೆ, ಬಾಳೆಗೆ, ಬಸಳೆ ಬುಡಕ್ಕೆ ಒಳ್ಳೇದೇ, ಅದರಲ್ಲಿ ಪೊಟ್ಯಾಶ್ ಇದೆ. ಆದ್ರೆ ಬೂದಿ ಸುಣ್ಣದ ಥರವೇ ಹುಳಿ ಮುರಿಯುತ್ತೆ. ವಾರಕ್ಕೊಂದು ಬೊಗಸೆ ಬೂದಿ ಬಿದ್ದ ಅಜೇಲಿಯಾ ಬುಡ ಉಳಿಯೋದು ಕಷ್ಟ.

ಮೂರು, ಬೋರ್ಡೋ. ಅಡಿಕೆಗೆ 1 ಪರ್ಸೆಂಟ್ ದ್ರಾವಣ ಮಾಡೋವಾಗ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಬ್ಯಾರೆಲ್ ಇಡೋದು ಎಲ್ಲಿ? ನೀರಿನ ಪೈಪ್ ಹತ್ತಿರ, ಅಂದ್ರೆ ಅಂಗಳದಲ್ಲಿ. ತಳದಲ್ಲಿ ಉಳಿದ ಸುಣ್ಣದ ಗಸಿ ಚೆಲ್ಲೋದು, ಪಂಪ್ ತೊಳೆಯೋದು ಎಲ್ಲ ಅಲ್ಲೇ. ಹಲವು ವರ್ಷ ಹೀಗೆ ಚೆಲ್ಲಿದ ಜಾಗದಲ್ಲಿ ಸುಣ್ಣದ ಜೊತೆ ತಾಮ್ರವೂ ಸೇರಿರುತ್ತೆ. ಆ ಜಾಗದಲ್ಲಿ ಈ ಗಿಡ ನೆಡಬೇಡಿ.

ನಾಲ್ಕು, ಗೋಡೆ ಮತ್ತು ಕಟ್ಟೆಗೆ ಹಬ್ಬಕ್ಕೆ ಬಳಿಯೋ ಸುಣ್ಣ. ಮಳೆಗೆ ತೊಳೆದು ಬಂದು ಬುಡಕ್ಕೇ ಇಳಿಯುತ್ತೆ.

ಹೀಗೆ ಸುಣ್ಣ ಸೇರಿದ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ರೂ ಗಿಡಕ್ಕೆ ಸಿಗಲ್ಲ. ಅಜೇಲಿಯಾದ ಹೊಸ ಎಲೆ ಹಳದಿ ಆಗುತ್ತೆ, ನರ ಮಾತ್ರ ಹಸಿರು ಗೆರೆ ಥರ ಉಳಿಯುತ್ತೆ. ಇದು ಅದರ ಗುರುತು. ಇದನ್ನ ನೋಡಿ ನಮ್ಮೋರು ಏನ್ ಮಾಡ್ತಾರೆ? "ಗೊಬ್ಬರ ಸಾಲ್ದು" ಅಂತ ಒಂದು ಬುಟ್ಟಿ ಹಸಿ ಸಗಣಿ ಹಾಕ್ತಾರೆ, ಇಲ್ಲಾಂದ್ರೆ ಕೋಳಿ ಗೊಬ್ಬರ, ಇಲ್ಲಾಂದ್ರೆ ಕಾಫಿಗೆ ತಂದ ಕಾಂಪ್ಲೆಕ್ಸ್ ಒಂದು ಹಿಡಿ. ಮೂರೂ ತಪ್ಪು. ಹಸಿ ಸಗಣಿಗೆ ಬೇರು ಸುಡುತ್ತೆ. ಮೊಟ್ಟೆ ಕೋಳಿ ಫಾರಂ ಗೊಬ್ಬರದಲ್ಲಿ ಸುಣ್ಣವೇ ಜಾಸ್ತಿ. ಕಾಂಪ್ಲೆಕ್ಸಿನ ಉಪ್ಪಂಶವನ್ನ ಈ ಗಿಡದ ಬೇರು ತಡ್ಕೊಳ್ಳಲ್ಲ. ಹಸಿವು ಅಂತ ಊಟ ಬಡಿಸ್ತಾ ಹೋದ ಹಾಗೆ, ಗಿಡಕ್ಕೆ ಆಗಿರೋದು ಮಾತ್ರ ಗಂಟಲು ಕಟ್ಟಿರೋದು.

ಬೇರಿನ ವಿಷಯ ಗೊತ್ತಾದ್ರೆ ಉಳಿದಿದ್ದೆಲ್ಲ ಗೊತ್ತಾದ ಹಾಗೆ. ಅಜೇಲಿಯಾಕ್ಕೆ ತಾಯಿ ಬೇರು ಅಂತ ಆಳಕ್ಕೆ ಇಳಿಯೋದು ಇಲ್ಲ. ಕೂದಲಿನಷ್ಟು ಸಣ್ಣ ಬೇರುಗಳು ಜಡೆ ಹೆಣೆದ ಹಾಗೆ ಮಣ್ಣಿನ ಮೇಲಿನ ಒಂದಡಿಯ ಒಳಗೇ ಇರುತ್ತೆ. ಆ ಬೇರಿನ ಜೊತೆ ಒಂದು ಜಾತಿಯ ಶಿಲೀಂಧ್ರ ಸೇರ್ಕೊಂಡು ಬದುಕುತ್ತೆ. ಕೊಳೆತ ಎಲೆಯಿಂದ ಸಾರ ಎತ್ತಿ ಗಿಡಕ್ಕೆ ಕೊಡೋದು ಅದೇ. ಅಂದ್ರೆ ಈ ಗಿಡ ನೆಲದಲ್ಲಿ ಬೇರು ಬಿಟ್ಟಿದೆ ಅನ್ನೋದಕ್ಕಿಂತ ದರಗಿನಲ್ಲಿ ಬೇರು ಬಿಟ್ಟಿದೆ ಅನ್ನಬಹುದು.

ಇದಕ್ಕೆ ನಾವು ಮಾಡೋ ಆರೈಕೆ ನೋಡಿ. ಎರಡಡಿ ಆಳದ ಗುಂಡಿ ತೆಗೆದು ಕತ್ತಿನವರೆಗೆ ಹೂಳ್ತೀವಿ. ಮಳೆಗಾಲ ಮುಗಿದ ಮೇಲೆ ಗುಲಾಬಿಗೆ ಮಾಡಿದ ಹಾಗೆ ಗುದ್ದಲಿಯಲ್ಲಿ ಬುಡ ಬಿಡಿಸ್ತೀವಿ. ಅಂಗಳ ಚೊಕ್ಕಟ ಇರ್ಲಿ ಅಂತ ದಿನಾ ಬೆಳಗ್ಗೆ ಪೊರಕೆ ತಗೊಂಡು ಬುಡದ ಎಲೆಯನ್ನೆಲ್ಲ ಗುಡಿಸಿ ತೆಗೀತೀವಿ. ತೋಟದಲ್ಲಿ ಕೆಲಸದವರಿಗೆ "ದರಗು ಎಳೀಬೇಡಿ, ಬುಡದಲ್ಲೇ ಇರ್ಲಿ" ಅಂತ ಹೇಳೋ ನಾವು, ಮನೆ ಮುಂದೆ ಅದೇ ದರಗನ್ನ ಕಸ ಅಂತ ಸುಟ್ಟು, ಅದರ ಬೂದಿ ತಂದು ಅದೇ ಗಿಡಕ್ಕೆ ಹಾಕ್ತೀವಿ. ಯೋಚನೆ ಮಾಡಿ.

ಹಾಗಾದ್ರೆ ಹೇಗೆ ನೆಡಬೇಕು? ನಾನು ಮಾಡೋ ಕ್ರಮ ಬರೀತೀನಿ.

ಜಾಗ ಮೊದಲು. ಬೆಳಗ್ಗೆ ಹತ್ತು ಗಂಟೆವರೆಗೆ ಬಿಸಿಲು ಬಿದ್ದು ಆಮೇಲೆ ನೆರಳು ಬರೋ ಪೂರ್ವದ ಕಡೆ ಒಳ್ಳೇದು. ಪಶ್ಚಿಮದ ಬಿಸಿಲು ಬೇಡ. ಹಾಗಂತ ಕತ್ತಲೆ ಮೂಲೆಯಲ್ಲಿಟ್ರೆ ಎಲೆ ಬರುತ್ತೆ, ಹೂ ಬರಲ್ಲ. ಮರದ ಚದುರು ನೆರಳು ಸಾಕು, ಕಾಫಿಗೆ ಬಿಟ್ಟ ಹಾಗೆ. ಆದ್ರೆ ಸಿಲ್ವರ್ ಮರದ ಬುಡಕ್ಕೇ ಹತ್ತಿಸಿ ನೆಡಬೇಡಿ, ಅದರ ಬೇರು ನೀರೆಲ್ಲ ಎಳ್ಕೊಳ್ಳುತ್ತೆ. ಮಾಡಿನ ನೀರು ಸುರಿಯೋ ಗೆರೆಯಲ್ಲೂ ಬೇಡ. ಆಷಾಢದ ಮಳೆಯಲ್ಲಿ ಆ ನೀರು ಬುಡದ ಮಣ್ಣನ್ನೇ ತೋಡಿ ಹಾಕುತ್ತೆ.

ಅಂಗಳದ ಮಣ್ಣಿನ ಮೇಲೆ ನಂಬಿಕೆ ಇಲ್ಲಾಂದ್ರೆ ಗುಂಡಿ ತೆಗೀಲೇಬೇಡಿ. ನೆಲದ ಮೇಲೇ ಒಂದಡಿ ಎತ್ತರ, ಮೂರಡಿ ಅಗಲದ ಮಡಿ ಮಾಡಿ. ಸುತ್ತ ಕಾಡುಕಲ್ಲು ಇಟ್ರೆ ಸಾಕು, ಸಿಮೆಂಟ್ ಕಟ್ಟೆ ಕಟ್ಟಬೇಡಿ. ಸುಣ್ಣ ಹಾಕದ ಜಾಗದ ಮೇಲ್ಮಣ್ಣು ಎರಡು ಪಾಲು, ಚೆನ್ನಾಗಿ ಕೊಳೆತ ದರಗು ಎರಡು ಪಾಲು, ದಪ್ಪ ಮರಳು ಒಂದು ಪಾಲು. ದರಗು ನಿಮ್ಮ ತೋಟದ್ದೇ ಸಾಕು, ಇದಕ್ಕಾಗಿ ಕಾಡು ಗುಡಿಸೋಕೆ ಹೋಗಬೇಡಿ.

ನರ್ಸರಿಯಿಂದ ಬಂದ ಗಿಡದ ಬೇರು ತೆಂಗಿನ ನಾರಿನ ಪುಡಿಯಲ್ಲೋ ಪೀಟ್‌ನಲ್ಲೋ ಗಟ್ಟಿ ಉಂಡೆ ಆಗಿರುತ್ತೆ. ಆ ಉಂಡೆ ಒಂದ್ಸಲ ಒಣಗಿದ್ರೆ ಮೇಲಿಂದ ಎಷ್ಟು ನೀರು ಹೊಯ್ದರೂ ಒಳಗೆ ಇಳಿಯಲ್ಲ, ಪಕ್ಕದಿಂದ ಜಾರಿ ಹೋಗುತ್ತೆ. ನೆಡೋ ಮುಂಚೆ ಉಂಡೆಯನ್ನ ಬಕೆಟ್ ನೀರಲ್ಲಿ ಮುಳುಗಿಸಿ, ಗುಳ್ಳೆ ಬರೋದು ನಿಂತ ಮೇಲೆ ತೆಗೀರಿ. ಸುತ್ತಿಕೊಂಡ ಹೊರಬೇರನ್ನ ಬೆರಳಲ್ಲಿ ಮೆಲ್ಲಗೆ ಬಿಡಿಸಿ. ನೆಟ್ಟಾಗ ಉಂಡೆಯ ತಲೆ ಸುತ್ತಲಿನ ಮಣ್ಣಿಗಿಂತ ಒಂದು ಬೆರಳು ಮೇಲೇ ಇರಬೇಕು. ಈ ಗಿಡಕ್ಕೆ ಆಳ ಅಂದ್ರೆ ಸಮಾಧಿ.

ಆಮೇಲೆ ದರಗು ಹೊದಿಕೆ, ಎರಡು ಮೂರು ಇಂಚು ದಪ್ಪ. ಕಾಂಡಕ್ಕೆ ತಾಗಿಸದೆ ನಾಲ್ಕು ಬೆರಳು ಜಾಗ ಬಿಡಿ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಹೊಸ ಹೊದಿಕೆ ಹಾಕಿ, ಹಳೇದನ್ನ ತೆಗೀಬೇಡಿ. ಕಳೆ ಬಂದ್ರೆ ಕೈಯಲ್ಲೇ ಕೀಳಿ. ಕತ್ತಿ ಗುದ್ದಲಿಗೆ ಅಲ್ಲಿ ಕೆಲಸ ಇಲ್ಲ.

ಮಳೆಗಾಲದಲ್ಲಿ ನೀರು ನಿಂತ್ರೆ ಬೇರು ಕೊಳೆಯುತ್ತೆ. ಇದು ನಮಗೆ ಹೊಸ ಶತ್ರು ಅಲ್ಲ. ಅಡಿಕೆಗೆ ಕೊಳೆ ತರೋದು, ಮೆಣಸಿಗೆ ಸೊರಗು ತರೋದು ಫೈಟಾಫ್ತೊರಾ ಅಲ್ವಾ, ಅದೇ ಮನೆತನದ ಇನ್ನೊಂದು ಜಾತಿ ಈ ಗಿಡದ ಬೇರಿಗೂ ಬರುತ್ತೆ. ಗಿಡ ನೀರು ಸಾಲದ ಹಾಗೆ ಬಾಡಿರುತ್ತೆ, ಮುಟ್ಟಿ ನೋಡಿದ್ರೆ ಮಣ್ಣು ಹಸಿಯಾಗೇ ಇರುತ್ತೆ. ಆಗ ಇನ್ನಷ್ಟು ನೀರು ಹೊಯ್ದರೆ ಮುಗೀತು. ಹಾಗಾಗದಿರೋಕೇ ಎತ್ತರದ ಮಡಿ.

ಬೇಸಿಗೆಯಲ್ಲಿ ಉಲ್ಟಾ. ಬೇರು ಮೇಲೇ ಇರೋದ್ರಿಂದ ಮಳೆ ನಿಂತ ಮೇಲೆ ಹೂಮಳೆ ಬರೋವರೆಗೆ ಒಣಗೋಕೆ ಬಿಡಬಾರದು. ವಾರಕ್ಕೆ ಎರಡು ಸಲ ನಿಧಾನವಾಗಿ ನೀರು ಕೊಡಿ. ಯಾವ ನೀರು ಅನ್ನೋದೂ ಮುಖ್ಯ. ನಿಮ್ಮ ಬೋರ್‌ವೆಲ್ ನೀರು ಕಾಯಿಸಿದ ಹಂಡೆ ಒಳಗೆ ಬಿಳಿ ಪದರ ಕಟ್ಟುತ್ತೆ ಅಂದ್ರೆ ಅದು ಸುಣ್ಣದ ನೀರು. ಅದನ್ನ ಈ ಗಿಡಕ್ಕೆ ಹಾಕಬೇಡಿ. ಕೆರೆ ನೀರು, ಗುಡ್ಡದ ಒರತೆ ನೀರು, ಹಿಡಿದಿಟ್ಟ ಮಳೆನೀರು ಒಳ್ಳೇದು.

ಗೊಬ್ಬರ ಅಂತ ಜಾಸ್ತಿ ಏನೂ ಬೇಡ. ಹೂ ಮುಗಿದ ಮೇಲೆ, ಮಣ್ಣಲ್ಲಿ ಹಸಿ ಇದ್ದಾಗ, ದೊಡ್ಡ ಗಿಡಕ್ಕೆ ಒಂದು ಟೀ ಚಮಚ ಅಮೋನಿಯಂ ಸಲ್ಫೇಟ್ ನೀರಲ್ಲಿ ಕರಗಿಸಿ ಕೊಟ್ರೆ ಸಾಕು. ಅದು ಮಣ್ಣಿನ ಹುಳಿಯನ್ನೂ ಕಾಯುತ್ತೆ. ಎಲೆ ಹಳದಿ ಆಗಿದ್ರೆ ಅನ್ನಭೇದಿ, ಲೀಟರಿಗೆ 2 ಗ್ರಾಂ ಕರಗಿಸಿ ಸಂಜೆ ಬುಡಕ್ಕೆ ಹೊಯ್ಯಿರಿ. ಸಿಮೆಂಟಿನ ಮೇಲೆ ಚೆಲ್ಲಿದ್ರೆ ತುಕ್ಕಿನ ಕಲೆ ಹೋಗಲ್ಲ, ಮನೆಯವರ ಹತ್ರ ಬೈಸ್ಕೋತೀರಿ. ಆದ್ರೆ ಬುಡದಲ್ಲಿ ಸುಣ್ಣ ಇರೋವರೆಗೆ ಅನ್ನಭೇದಿ ಬರೀ ತಾತ್ಕಾಲಿಕ. ಅಂಥ ಗಿಡವನ್ನ ಮಳೆ ಹಿಡಿದಾಗ ಬೇರಿನ ಉಂಡೆ ಸಮೇತ ಎತ್ತಿ ಬೇರೆ ಕಡೆ ಮಡಿಗೆ ಹಾಕೋದೇ ಪರಿಹಾರ. ಬೇರು ಆಳದಲ್ಲಿ ಇಲ್ಲದ್ದರಿಂದ ಈ ಗಿಡ ಎತ್ತಿ ನೆಡೋದು ಸುಲಭ.

ಕಾಫಿ ಚರಟ ಹಾಕಿದ್ರೆ ಹುಳಿ ಬರುತ್ತೆ ಅಂತ ಒಂದು ಮಾತಿದೆ. ಹುಳಿ ಡಿಕಾಕ್ಷನ್ ಜೊತೆ ನಮ್ಮ ಹೊಟ್ಟೆಗೆ ಹೋಗಿರುತ್ತೆ, ಚರಟದಲ್ಲಿ ಉಳಿಯೋದು ಕಡಿಮೆ. ದರಗಿನ ಜೊತೆ ತೆಳ್ಳಗೆ ಉದುರಿಸಿದ್ರೆ ಅಡ್ಡಿಯಿಲ್ಲ. ದಪ್ಪ ಹಾಕಿದ್ರೆ ಹಪ್ಪಳದ ಥರ ಗಟ್ಟಿಯಾಗಿ ನೀರು ಇಳಿಯೋಕೆ ಬಿಡಲ್ಲ.

ಕತ್ತರಿಸೋದಾದ್ರೆ ಹೂ ಉದುರಿದ ಕೂಡಲೇ ಕತ್ತರಿಸಿ. ಆಮೇಲೆ ಬರೋ ಚಿಗುರಿನ ತುದಿಯಲ್ಲೇ ಮುಂದಿನ ವರ್ಷದ ಮೊಗ್ಗು ಕೂರೋದು. ದಸರಾ ದೀಪಾವಳಿಗೆ ಅಂಗಳ ಒಪ್ಪ ಮಾಡೋ ಭರದಲ್ಲಿ ತಲೆ ಸವರಿದ್ರೆ ಹೂವನ್ನೇ ಸವರಿದ ಹಾಗೆ. ಆಮೇಲೆ "ಈ ವರ್ಷ ಹೂವೇ ಬಿಡ್ಲಿಲ್ಲ" ಅಂತ ಗಿಡಕ್ಕೆ ಬೈದು ಪ್ರಯೋಜನ ಇಲ್ಲ.

ಗಿಡ ದುಡ್ಡು ಕೊಟ್ಟೇ ತರಬೇಕು ಅಂತಿಲ್ಲ. ನೆಲದ ಹತ್ತಿರ ಇರೋ ಒಂದು ರೆಂಬೆಯನ್ನ ಮಳೆ ಹಿಡಿದಾಗ ಬಗ್ಗಿಸಿ, ನೆಲಕ್ಕೆ ತಾಗೋ ಕಡೆ ಸಿಪ್ಪೆ ಸ್ವಲ್ಪ ಕೆರೆದು, ಕೊಳೆತ ದರಗು ಮುಚ್ಚಿ ಮೇಲೊಂದು ಕಲ್ಲು ಹೇರಿ. ಮರೆತುಬಿಡಿ. ಮುಂದಿನ ಮಳೆಗಾಲಕ್ಕೆ ಬೇರು ಬಂದಿರುತ್ತೆ, ಕತ್ತರಿಸಿ ನೆಡಿ. ನಮ್ಮ ನಾಲ್ಕರಲ್ಲಿ ಮೂರು ಹೀಗೇ ಬಂದದ್ದು. ಹೀಗೆ ಬಂದ ಗಿಡ ನಮ್ಮ ಹವೆಗೆ ಒಗ್ಗಿದ ತಾಯಿಯದ್ದು, ಗಾಡಿ ಗಿಡಕ್ಕಿಂತ ನಂಬಿಕೆ ಜಾಸ್ತಿ.

ಇಲ್ಲಿಂದ ಮುಂದಿನ ಮಾತನ್ನ ದನ, ಆಡು ಸಾಕಿದೋರು ತಪ್ಪದೆ ಓದಿ.

ಅಜೇಲಿಯಾ ಸೇರಿ ಈ ಕುಲದ ಗಿಡಗಳ ಎಲೆ, ಹೂವು, ಮಕರಂದ ಎಲ್ಲದರಲ್ಲೂ ಗ್ರಯಾನೊಟಾಕ್ಸಿನ್ ಅನ್ನೋ ವಿಷ ಇರುತ್ತೆ. ಗಾಡಿಯವನು ಇದನ್ನ ಹೇಳಲ್ಲ. ದನ ಸಾಮಾನ್ಯವಾಗಿ ಇದರ ಎಲೆ ಮೂಸಿ ಬಿಡುತ್ತೆ. ಆದ್ರೆ ಬೇಸಿಗೆಯಲ್ಲಿ ಹುಲ್ಲಿಲ್ಲದೆ ಅಂಗಳಕ್ಕೆ ನುಗ್ಗಿದ ದನ, ಅದಕ್ಕಿಂತ ಹೆಚ್ಚಾಗಿ ಆಡು, ತಿಂದುಬಿಡಬಹುದು. ಕತ್ತರಿಸಿದ ರೆಂಬೆಯನ್ನ ಬೇಲಿ ಪಕ್ಕ ಎಸೆದಾಗ ಅಪಾಯ ಇನ್ನೂ ಜಾಸ್ತಿ. ತಿಂದ ಕೆಲವೇ ಗಂಟೆಯಲ್ಲಿ ಜೊಲ್ಲು ಸುರಿಸುತ್ತೆ, ಮೇದದ್ದು ಬಾಯಿಂದ ಹೊರಗೆ ಬರುತ್ತೆ, ಹೊಟ್ಟೆ ಉಬ್ಬರ, ಕಾಲು ತಡವರಿಸೋದು, ಎದ್ದು ನಿಲ್ಲಲಾರದೆ ಮಲಗೋದು. ಇದಕ್ಕೆ ಅಂತಲೇ ಮದ್ದು ಇಲ್ಲ, ಡಾಕ್ಟರು ಲಕ್ಷಣ ನೋಡಿ ಚಿಕಿತ್ಸೆ ಕೊಡಬೇಕು. ಮನೆಮದ್ದು ಅಂತ ಗೊಟ್ಟದಲ್ಲಿ ಏನೂ ಹೊಯ್ಯಬೇಡಿ, ವಾಂತಿ ಮಾಡೋ ದನಕ್ಕೆ ಅದು ಶ್ವಾಸಕೋಶಕ್ಕೆ ಇಳಿಯುತ್ತೆ. ಒಂದು ರೆಂಬೆ ಕಿತ್ತಿಟ್ಟುಕೊಂಡು ಪಶುವೈದ್ಯರಿಗೆ ಫೋನ್ ಮಾಡಿ, ತಿಂದದ್ದು ಇದೇ ಅಂತ ತೋರಿಸಿ.

ಈ ವಿಷದ ಕಥೆ ಹಳೇದು. ಕ್ರಿಸ್ತಪೂರ್ವ 401ರಲ್ಲಿ ಕಪ್ಪು ಸಮುದ್ರದ ತೀರದಲ್ಲಿ ಗ್ರೀಕ್ ಸೈನಿಕರು ಅಲ್ಲಿನ ಜೇನು ತಿಂದು ಅಮಲೇರಿ ಬಿದ್ದದ್ದನ್ನ ಅವರ ಜೊತೆಗಿದ್ದ ಕ್ಸೆನೊಫೊನ್ ಬರೆದಿಟ್ಟಿದ್ದಾನೆ. ಆ ಜೇನು ಈ ಕುಲದ ಹೂವಿನದ್ದು ಅಂತ ತಿಳಿದವರು ಹೇಳ್ತಾರೆ. ಅಲ್ಲಿ ಗುಡ್ಡಕ್ಕೆ ಗುಡ್ಡವೇ ಈ ಗಿಡ. ನಮ್ಮಲ್ಲಿ ಮನೆಗೆ ಎರಡು ಗಿಡ ಇದ್ದ ಮಾತ್ರಕ್ಕೆ ಪೆಟ್ಟಿಗೆ ಜೇನಿಗೆ ಹೆದರಬೇಕಾಗಿಲ್ಲ, ಜೇನುಹುಳಕ್ಕೆ ಕಾಫಿ ಹೂವು, ಕಾಡು ಹೂವು ಬೇಕಾದಷ್ಟಿದೆ. ಆದ್ರೆ ಉತ್ತರಾಖಂಡದಲ್ಲಿ ಬುರಾಂಶ್ ಹೂವಿನ ಶರಬತ್ತು ಮಾಡ್ತಾರೆ ಅಂತ ವಿಡಿಯೋ ನೋಡಿ ಅಂಗಳದ ಅಜೇಲಿಯಾ ಹೂವಿಂದ ಮಾಡೋಕೆ ಹೋಗಬೇಡಿ. ಮಕ್ಕಳಿಗೂ ಹೂ ಚೀಪಬಾರದು ಅಂತ ಹೇಳಿಡಿ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ದನ ಓಡಾಡೋ ದಾರಿಯಲ್ಲಿ, ಕೊಟ್ಟಿಗೆ ಪಕ್ಕದಲ್ಲಿ, ಬೇಲಿ ಸಾಲಿನಲ್ಲಿ ಅಜೇಲಿಯಾ ಬೇಡ. ಗೇಟಿನ ಒಳಗೆ ಮಾತ್ರ. ಕತ್ತರಿಸಿದ ರೆಂಬೆ ಹೂತುಹಾಕಿ, ಕೊಟ್ಟಿಗೆ ಸೊಪ್ಪಿಗೆ ಸೇರಿಸಬೇಡಿ. ಬೇಲಿಗೆ ದಾಸವಾಳ ಇದೆ, ದನ ತಿಂದ್ರೂ ನಷ್ಟ ಹೂವಿನದ್ದು ಮಾತ್ರ.

"ತಿನ್ನೋಕಾಗಲ್ಲ, ಮುಡಿಯೋಕಾಗಲ್ಲ, ಮೇಲಿಂದ ವಿಷ ಬೇರೆ, ಮತ್ತೆ ಯಾಕೆ ಬೆಳೀಬೇಕು?" ಅಂತ ನೀವು ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಎರಡು.

ಒಂದನೇದು, ತೋಟದ ಲೆಕ್ಕ ಗಂಡಸರ ಕೈಯಲ್ಲಿರುತ್ತೆ, ಅಂಗಳ ಮನೆ ಹೆಂಗಸರದ್ದು. ನಾವು ಒಂದು ಸ್ಪ್ರೇಯರ್‌ಗೆ ಕೊಡೋ ದುಡ್ಡಿನ ಮುಂದೆ ಅವರು ಹೂವಿನ ಗಿಡಕ್ಕೆ ಕೊಡೋದು ಏನೂ ಅಲ್ಲ. ಅವರು ಆಸೆಯಿಂದ ತಂದ ಗಿಡದ ಬುಡದಲ್ಲಿ ಬೋರ್ಡೋ ಬ್ಯಾರೆಲ್ ತೊಳೆದು, "ನಿನಗೆ ಗಿಡ ಉಳಿಸೋಕೆ ಬರಲ್ಲ" ಅನ್ನೋದು ಸರಿಯಲ್ಲ. ಬ್ಯಾರೆಲ್ ಹತ್ತು ಮಾರು ಆಚೆ ಇಟ್ರೆ ಯಾರ ಗಂಟೂ ಹೋಗಲ್ಲ.

ಎರಡನೇದು, ಈ ಗಿಡ ಮಣ್ಣಿನ ಬಗ್ಗೆ ಸುಳ್ಳು ಹೇಳಲ್ಲ. ಕಾಫಿ ಗಿಡ ತಪ್ಪನ್ನ ನಾಲ್ಕು ವರ್ಷ ನುಂಗಿಕೊಂಡು ಆಮೇಲೆ ಇಳುವರಿಯಲ್ಲಿ ತೋರಿಸುತ್ತೆ. ಅಜೇಲಿಯಾ ಮುಂದಿನ ಚಿಗುರಲ್ಲೇ ತೋರಿಸುತ್ತೆ. ಇದರ ಜೊತೆ ಹೈಡ್ರೇಂಜಿಯಾ ಇದ್ರೆ ಇನ್ನೂ ಸುಲಭ. ಆ ಚೆಂಡು ಹೂವು ನೀಲಿ ಬಂದ್ರೆ ಮಣ್ಣು ಹುಳಿ, ಗುಲಾಬಿ ಬಣ್ಣ ಬಂದ್ರೆ ಸುಣ್ಣದ ಕಡೆ ತಿರುಗಿದೆ ಅಂತ ಅರ್ಥ. ಬಿಳಿ ಜಾತಿಗೆ ಮಾತ್ರ ಈ ಲೆಕ್ಕ ನಡೆಯಲ್ಲ. ಅಜೇಲಿಯಾ ನೆಡೋ ಮುಂಚೆ ಪಕ್ಕದ ಹೈಡ್ರೇಂಜಿಯಾ ಬಣ್ಣ ನೋಡಿ, ಖರ್ಚಿಲ್ಲದ ಪರೀಕ್ಷೆ.

ಹೂವಿನ ಬಣ್ಣ ನೋಡಿ ತೋಟಕ್ಕೆ ಸುಣ್ಣ ಹಾಕೋದು, ಬಿಡೋದು ಮಾಡಬೇಡಿ, ಅದಕ್ಕೆ ಮಣ್ಣು ಪರೀಕ್ಷೆಯೇ ಆಗಬೇಕು. ನಮ್ಮಲ್ಲಿ ಎಷ್ಟೋ ಜನ ಪಕ್ಕದ ತೋಟದವರು ಹಾಕಿದ್ರು ಅಂತ ಮೂಟೆಗಟ್ಟಲೆ ಸುಣ್ಣ ಚೆಲ್ತಾರೆ, ಎಷ್ಟೋ ಜನ ಹತ್ತು ವರ್ಷ ಹಾಕೋದೇ ಇಲ್ಲ. ಇಬ್ಬರೂ ಕಣ್ಣು ಕಟ್ಟಿಕೊಂಡು ನಡೆಯೋರೇ. ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಬಾಳೆಹೊನ್ನೂರಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ಮಣ್ಣು ಕೊಡೋವಾಗ ಅಂಗಳದ್ದೂ ಒಂದು ಪೊಟ್ಟಣ ಸೇರಿಸಿ. ನಲವತ್ತು ಹೆಜ್ಜೆಯಲ್ಲಿ ಎಷ್ಟು ವ್ಯತ್ಯಾಸ ಇರುತ್ತೆ ಅಂತ ಕಾಗದದ ಮೇಲೆ ನೋಡಿದ್ರೆ, ತೋಟದ ಒಂದೊಂದು ಪಟ್ಟಿಗೂ ಬೇರೆ ಬೇರೆ ಮಣ್ಣು ಪರೀಕ್ಷೆ ಯಾಕೆ ಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಗಿಡಕ್ಕೆ ಅಮೃತ ಆದದ್ದು ಇನ್ನೊಂದಕ್ಕೆ ವಿಷ. ಬೂದಿ ಬಾಳೆಗೆ, ಸುಣ್ಣ ಪರೀಕ್ಷೆಯಲ್ಲಿ ಹುಳಿ ಜಾಸ್ತಿ ಅಂತ ಬಂದ ತೋಟಕ್ಕೆ, ದರಗು ಅಜೇಲಿಯಾಕ್ಕೆ. ಎಲ್ಲಕ್ಕೂ ಒಂದೇ ಬುಟ್ಟಿ ಗೊಬ್ಬರ ಹೊತ್ತುಕೊಂಡು ಹೋಗೋ ಅಭ್ಯಾಸ ಬಿಟ್ರೆ ಊಟಿ ಗಿಡ ಅನ್ನೋ ನೆಪ ತಾನಾಗೇ ಹೋಗುತ್ತೆ.

ನಮ್ಮಲ್ಲಿ ಈ ಸಲ ಮೂರು ರೆಂಬೆ ಬಗ್ಗಿಸಿ ಕಲ್ಲು ಹೇರಿದೀನಿ, ಗುಲಾಬಿ ಬಣ್ಣದ್ದು ಎರಡು, ಬಿಳಿ ಒಂದು. ಬೇರು ಬಂದ ಮೇಲೆ ಬೇಕಾದೋರು ಆರಿದ್ರಾ ಮಳೆ ಹೊತ್ತಿಗೆ ಬನ್ನಿ, ದುಡ್ಡು ಬೇಡ. ಬರೋವಾಗ ನಿಮ್ಮ ಅಂಗಳದ ಮಣ್ಣು ಪರೀಕ್ಷೆ ಚೀಟಿ ತನ್ನಿ. ಅದನ್ನ ನೋಡಿಯೇ ಗಿಡ ಕೊಡೋದು.